ಫೋನಿನಲ್ಲಿ ಹೇಳಿ ನೋಡಿ

ಮಾಟುಂಗದಲ್ಲಿ ಕೇಟರಿಂಗ್ ನಡೆಸುವ ಒಬ್ಬರ ಗಲ್ಲಾದ ಎದುರು ಕೂತಿದ್ದೆ. ಮದುವೆ ಊಟದ ಆರ್ಡರಿಗೆ ಫೋನ್ ಬಂತು. ಅವರು ವೆಬ್‌ಸೈಟ್ ವಿಳಾಸ ಹೇಳತೊಡಗಿದರು. "ಉಡುಪಿ... ಡಿ ಆದ ಮೇಲೆ ಐ ಅಲ್ಲ, ಯು. ಆಮೇಲೆ ಒಂದು ಅಡ್ಡಗೆರೆ." ಮೂರು ಸಲ ಹೇಳಿ, "ಇರಲಿ, ವಾಟ್ಸಾಪ್ ಮಾಡ್ತೇನೆ" ಅಂತ ಇಟ್ಟರು.

ಡೊಮೇನ್ ಹೆಸರಿಗೆ, ಅಂದರೆ ವೆಬ್‌ಸೈಟ್ ವಿಳಾಸದ ಹೆಸರಿಗೆ, ಬೆಲೆ ಕಟ್ಟುವಾಗ ನಾನು ಮೊದಲು ನೋಡುವುದು ಇದನ್ನೇ. ಕೇಳಿದವರು ಒಂದೇ ಸಲಕ್ಕೆ ಸರಿಯಾಗಿ ಟೈಪ್ ಮಾಡಬೇಕು. ನಮ್ಮ ಹೆಸರುಗಳಿಗೆ ಈ ತೊಂದರೆ ಜಾಸ್ತಿ. ಇಂಗ್ಲಿಷ್ ಅಕ್ಷರದಲ್ಲಿ ಪೂಜಾ ಬರೆಯಲು ಒಬ್ಬರು ಎರಡು ಓ ಹಾಕುತ್ತಾರೆ, ಇನ್ನೊಬ್ಬರು ಒಂದು ಯು. ಮುಂಬಯಿಯ ಹೋಟೆಲ್ ಬೋರ್ಡುಗಳಲ್ಲೇ ಉಡುಪಿ, ಉಡಿಪಿ ಎರಡೂ ಇವೆ, ಅಲ್ವಾ? ಅಂಥ ಹೆಸರಾದರೆ ಎರಡೂ ಸ್ಪೆಲ್ಲಿಂಗ್ ಕೊಂಡುಬಿಡಿ.

ಒಂದಕ್ಷರ ತಾನೇ ಅನ್ನಬೇಡಿ. ರೆಡಿಫ್ ಅನ್ನುವ ವೆಬ್‌ಸೈಟಿನ ಹೆಸರಲ್ಲಿ 'ಇ' (e) ಜಾಗಕ್ಕೆ 'ಎ' (a) ಹಾಕಿ ಬೇರೆಯವರು ಡೊಮೇನ್ ಮಾಡಿಕೊಂಡಾಗ, 1999ರಲ್ಲಿ ಬಾಂಬೆ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಡೊಮೇನ್ ಬರೀ ವಿಳಾಸವಲ್ಲ, ಟ್ರೇಡ್‌ಮಾರ್ಕಿನಷ್ಟೇ ರಕ್ಷಣೆ ಅದಕ್ಕೂ ಬೇಕು ಅಂದಿತು. ಹಾಗಾಗಿ ಬೇರೆಯವರ ಬ್ರಾಂಡ್ ಸೇರಿಸಿದ ಹೆಸರಿಗೆ ಕೈ ಹಾಕಲೇಬೇಡಿ.

ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಮಾರಾಟವಾಯಿತು. ಎಲ್ಲರಿಗೂ ಗೊತ್ತಿರುವ ಒಂದೇ ಪದ, ಜೊತೆಗೆ ಡಾಟ್ ಕಾಮ್. ಆ ಸುದ್ದಿ ನಂಬಿ ಸುಮ್ನೆ ಹತ್ತಾರು ಹೆಸರು ಕೊಂಡಿಟ್ಟವರು ನನ್ನ ಬಳಿ ಬರುತ್ತಾರೆ. ಬೇಕು ಅನ್ನುವ ಒಬ್ಬ ವ್ಯಾಪಾರಿಯೂ ಇಲ್ಲದಿದ್ದರೆ ವರ್ಷ ವರ್ಷ ರಿನ್ಯೂವಲ್ ದುಡ್ಡು ಹೋಗುತ್ತದೆ, ಅಷ್ಟೇ.

ನನಗೆ ಸಂಕಟವಾಗುವುದು ದುಡಿದು ಬೆಳೆಸಿದ ಹೆಸರು ಕೈತಪ್ಪಿದಾಗ. ಡೊಂಬಿವಲಿಯ ಒಂದು ಮನೆಯವರದು ಮಸಾಲೆ ಪುಡಿಯ ವ್ಯಾಪಾರ. ಹನ್ನೊಂದು ವರ್ಷದಿಂದ ಬಿಲ್ಲು, ಇಮೇಲ್, ಡಬ್ಬಿ, ಎಲ್ಲದರಲ್ಲೂ ಅದೇ ವಿಳಾಸ. ಆದರೆ ನೋಂದಣಿ ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿತ್ತು. ರಿನ್ಯೂವಲ್ ಮೇಲ್‌ಗಳು ಅವನ ಹಳೇ ಐಡಿಗೆ ಹೋಗುತ್ತಿದ್ದವು. ರಿನ್ಯೂವಲ್ ಆಗದೆ ಡಾಟ್ ಕಾಮ್ ಹೆಸರು ಅಳಿಸಿಹೋದ ಮೇಲೂ 30 ದಿನ ಹೆಚ್ಚು ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಅವರು ನನ್ನ ಹತ್ತಿರ ಬರುವಾಗ ಅದೂ ದಾಟಿತ್ತು, ಹೆಸರು ಬೇರೆಯವರ ಕೈ ಸೇರಿತ್ತು. ನಿಮ್ಮ ನೋಂದಣಿ ಯಾರ ಹೆಸರಲ್ಲಿದೆ, ಯಾವ ಐಡಿಗೆ ಮೇಲ್ ಹೋಗುತ್ತದೆ, ಇವತ್ತೇ ನೋಡಿಕೊಳ್ಳಿ.

ಆ ಮನೆಯ ಅಮ್ಮ ಒಂದು ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. ಲೇಬಲಿನ ಕೆಳಗಿನ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ, "ಇಂಥದ್ದು ಇನ್ನೂ ಎರಡು ಸಾವಿರ ಇದೆ, ಏನು ಮಾಡುವುದು ಮಾರಾಯ್ರೇ?" ಅಂದರು.