ರಾಯಚೂರಿಗೊಂದು ಕಾನೂನು, ರಾಮ್‌ಪಾಲ್‌ಗೊಂದು

ಥರ್ಮಲ್ ಅಂದರೆ ಏನು ಅಂತ ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಕೃಷ್ಣೆಯ ನೀರು ಒಳಗೆ ಹೋಗುತ್ತದೆ, ಕರೆಂಟು ಹೊರಗೆ ಹೋಗುತ್ತದೆ, ಬೂದಿ ಇಲ್ಲೇ ಉಳಿಯುತ್ತದೆ. ಅತ್ತ ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳು ಎದ್ದಿವೆ. ರಾಜ್ಯದ ವಿದ್ಯುತ್ ನಿಗಮ ಕೆಪಿಸಿ ಜೊತೆ ಅದರಲ್ಲಿ ಪಾಲುದಾರ ಆಗಿದ್ದು ಕೇಂದ್ರ ಸರ್ಕಾರದ ಯಂತ್ರ ಕಂಪನಿ ಬಿಎಚ್‌ಇಎಲ್. ಇದೇ ಬಿಎಚ್‌ಇಎಲ್ ಬಾಂಗ್ಲಾದೇಶದ ರಾಮ್‌ಪಾಲ್‌ನಲ್ಲೂ 1,320 ಮೆಗಾವ್ಯಾಟ್‌ನ ಥರ್ಮಲ್ ಕಟ್ಟಿತು. ಅಲ್ಲಿಂದ 14 ಕಿಲೋಮೀಟರ್ ದಾಟಿದರೆ ಹುಲಿಗಳ ಕಾಡು ಸುಂದರಬನದ ಅಂಚು. ಸಾಲ ಕೊಟ್ಟದ್ದು ನಮ್ಮದೇ ಎಕ್ಸಿಮ್ ಬ್ಯಾಂಕ್, ಅಂದರೆ ಸರ್ಕಾರದ ರಫ್ತು-ಆಮದು ಬ್ಯಾಂಕ್.

ಬೇರೆ ದೇಶದ ಥರ್ಮಲ್‌ಗೆ ನಮ್ಮ ಸರ್ಕಾರದ ಬ್ಯಾಂಕ್ ಯಾಕೆ ಸಾಲ ಕೊಡಬೇಕು? ಲೆಕ್ಕ ಸರಳ. ಸಾಲ ಅವರಿಗೆ, ಗುತ್ತಿಗೆ ನಮ್ಮ ಕಂಪನಿಗೆ. ಅಮೆರಿಕ ಇದಕ್ಕಾಗಿಯೇ 1934ರಲ್ಲಿ ಒಂದು ಬ್ಯಾಂಕ್ ತೆರೆಯಿತು. ನಮ್ಮದು ಶುರುವಾಗಿದ್ದು 1982ರಲ್ಲಿ. ಆ ದುಡ್ಡಿನಿಂದ ಹೊರದೇಶದ ಕಾಡುಪ್ರಾಣಿಗೆ ತೊಂದರೆಯಾದರೆ ಕೇಳುವವರು ಯಾರು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಕೇಳಿದ್ದು ಅಮೆರಿಕದ ಪರಿಸರ ಸಂಘಟನೆಗಳು. ಶ್ರೀಲಂಕಾದ ಮಹಾವೇಲಿ ಯೋಜನೆಗೆ ಅಮೆರಿಕದ ನೆರವು ಹೋಗಿತ್ತು, ಅಲ್ಲಿನ ಆನೆ, ಚಿರತೆಗಳ ಗತಿ ಏನು ಎಂಬ ವಾದ 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆ ಪ್ರಾಣಿಗಳನ್ನು ನೋಡಲು ಮತ್ತೆ ಯಾವಾಗಲಾದರೂ ಹೋಗುತ್ತೇವೆ ಎಂದು ದೂರುದಾರರು ಹೇಳಿದರು. ಹಾಗೆ ಸುಮ್ನೆ ಹೇಳಿದರೆ ಆಗಲ್ಲ, ನಿಮಗೇನು ನಷ್ಟ ತೋರಿಸಿ ಎಂದು ಕೋರ್ಟ್ ಕೇಸನ್ನು ಬಾಗಿಲಲ್ಲೇ ನಿಲ್ಲಿಸಿತು. ಆನೆಯ ವಿಚಾರಕ್ಕೆ ಯಾರೂ ಬರಲೇ ಇಲ್ಲ.

ಇಪ್ಪತ್ತು ವರ್ಷ ಕಳೆದ ಮೇಲೂ ಕಥೆ ಅದೇ. 2012ರಲ್ಲಿ ಆಸ್ಟ್ರೇಲಿಯಾದ ಕರ್ಟಿಸ್ ದ್ವೀಪದ ಎರಡು ಅನಿಲ ಯೋಜನೆಗಳಿಗೆ ಅಮೆರಿಕದ ಎಕ್ಸಿಮ್ ಬ್ಯಾಂಕ್ 400 ಕೋಟಿ ಡಾಲರ್‌ಗೂ ಜಾಸ್ತಿ ಸಾಲ ಒಪ್ಪಿತು. ಅದು ಗ್ರೇಟ್ ಬ್ಯಾರಿಯರ್ ರೀಫ್ ಪಾರಂಪರಿಕ ತಾಣದ ಒಳಗಿನ ಜಾಗ. ಕಡಲಾಮೆ, ಕಡಲಹಸುಗಳ ನೆಲೆ. ಸಂಘಟನೆಗಳು ಮತ್ತೆ ಕೋರ್ಟಿಗೆ ಹೋದವು. 2018ರಲ್ಲಿ ತೀರ್ಪು ಬರುವಷ್ಟರಲ್ಲಿ ಕಾಮಗಾರಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಈಗ ನಾವು ಆದೇಶ ಕೊಟ್ಟರೂ ಏನೂ ಬದಲಾಗಲ್ಲ ಎಂಬ ಅರ್ಥದ ಮಾತು ಹೇಳಿ ಕೋರ್ಟ್ ಕೈ ತೊಳೆದುಕೊಂಡಿತು. ಕೇಸು ಆರು ವರ್ಷ ಎಳೆದಾಡಿದರೆ ಇನ್ನೇನಾಗುತ್ತೆ, ಅಲ್ವಾ?

ಈಗ ರಾಮ್‌ಪಾಲ್ ವಿಷಯದಲ್ಲಿ ಏನಾಯಿತು ನೋಡಿ. 2012ರಲ್ಲಿ ನಮ್ಮ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಮತ್ತು ಬಾಂಗ್ಲಾದ ವಿದ್ಯುತ್ ಮಂಡಳಿ ಅರ್ಧರ್ಧ ಪಾಲಿನ ಕಂಪನಿ ಮಾಡಿದವು. 2013ರಲ್ಲಿ ಇದನ್ನು ವಿರೋಧಿಸಿ ಢಾಕಾದಿಂದ ಜನ ಜಾಥಾ ಹೊರಟರು. ನಮಗೆ ಇದು ಬೇಡ ಎಂದು ಫ್ರಾನ್ಸ್‌ನ ಮೂರು ದೊಡ್ಡ ಬ್ಯಾಂಕುಗಳು 2015ರಲ್ಲಿ ದೂರ ಸರಿದವು. ಜಾಗ ಬದಲಿಸಿ ಎಂದು 2016ರಲ್ಲಿ ಯುನೆಸ್ಕೊ ತಂಡ ಹೇಳಿತು. ಭಾರತ ಸರ್ಕಾರ ಮಾತ್ರ ಕಡಿಮೆ ಬಡ್ಡಿಯ ಹೊಸ ಯೋಜನೆಯನ್ನೇ ತಂದು, ಅದರಡಿ ಮೊದಲು 160 ಕೋಟಿ ಡಾಲರ್ ಸಾಲವನ್ನು ರಾಮ್‌ಪಾಲ್‌ಗೆ ಕೊಡಿಸಿತು. ಬಡ್ಡಿಯ ಒಂದು ಭಾಗ ತುಂಬಿಕೊಡುವುದು ನಮ್ಮ ಖಜಾನೆ. ನಾರ್ವೆಯ ಪಿಂಚಣಿ ನಿಧಿ ಸುಂದರಬನದ ಅಪಾಯವನ್ನೇ ಕಾರಣ ಕೊಟ್ಟು 2017ರಲ್ಲಿ ಬಿಎಚ್‌ಇಎಲ್ ಷೇರು ಬೇಡ ಎಂದಿತು.

ರಾಮ್‌ಪಾಲ್ ವಿರೋಧಿಸುವ ಪೋಸ್ಟರುಗಳಲ್ಲೆಲ್ಲ ಹುಲಿ. ಆದರೆ ಬಾಂಗ್ಲಾ ಕಡೆಯ ಹುಲಿಗಳ ಲೆಕ್ಕ 2015ರಲ್ಲಿ 106 ಇದ್ದದ್ದು 2024ಕ್ಕೆ 125 ಆಗಿದೆ. ನನಗೆ ಜಾಸ್ತಿ ಚಿಂತೆ ಡಾಲ್ಫಿನ್‌ಗಳದ್ದು. ಗಂಗಾ ಡಾಲ್ಫಿನ್, ಐರಾವತಿ ಡಾಲ್ಫಿನ್ ಎರಡೂ ಇರುವ ನದಿಗಳಿವು. ಕಲ್ಲಿದ್ದಲು ಹಡಗು ಬರುವುದೂ ಇದೇ ನೀರಿನಲ್ಲಿ, ಪಶುರ್ ನದಿಯ ಮೇಲೆ. ಹಡಗು ಎಡವಿದರೆ ಏನಾಗುತ್ತದೆ ಎಂಬುದನ್ನು 2014ರ ಡಿಸೆಂಬರ್ 9 ತೋರಿಸಿತ್ತು. ಡಾಲ್ಫಿನ್‌ಗೆಂದೇ ಮೀಸಲಿಟ್ಟ ಶೆಲಾ ನದಿಯಲ್ಲಿ ಟ್ಯಾಂಕರ್ ಮುಳುಗಿ ಸುಮಾರು 3.5 ಲಕ್ಷ ಲೀಟರ್ ಫರ್ನೇಸ್ ಎಣ್ಣೆ ಚೆಲ್ಲಿತು. ದಡದ ಊರಿನವರು, ಮಕ್ಕಳು ಸಮೇತ, ಪಾತ್ರೆ ಹಿಡಿದು ಕೆಸರಿಗಿಳಿದರು. ಬರಿಗೈಯಲ್ಲಿ ಎಣ್ಣೆ ಬಳಿದು ಡಬ್ಬಿಗೆ ತುಂಬಿದರು. ಎಣ್ಣೆ ಕಂಪನಿ ಅದನ್ನು ಲೀಟರ್ ಲೆಕ್ಕದಲ್ಲಿ ವಾಪಸು ಕೊಂಡುಕೊಂಡಿತು.

ಬಾಂಗ್ಲಾಕ್ಕೆ ಕರೆಂಟು ಬೇಕಿತ್ತು, ಅದು ನಿಜ. ಶಕ್ತಿನಗರದ ಬೆಳಕಲ್ಲಿ ಕೂತು ಬೇಡ ಅನ್ನೋದು ಸುಲಭ. ನನ್ನ ತಕರಾರು ಬೇರೆ. ರಾಯಚೂರಲ್ಲಿ ಇಷ್ಟು ದೊಡ್ಡ ಥರ್ಮಲ್ ಕಟ್ಟಬೇಕಾದರೆ 2006ರ ಅಧಿಸೂಚನೆಯಂತೆ ದೆಹಲಿಯಿಂದ ಪರಿಸರ ಅನುಮತಿ ಬೇಕು, ಜಿಲ್ಲೆಯಲ್ಲೇ ಅಹವಾಲು ಸಭೆ ನಡೆಯಬೇಕು. ಸಭೆಯಲ್ಲಿ ಬೂದಿ ಬಗ್ಗೆ ಕೂಗಾಡಲಾದರೂ ಒಂದು ಮೈಕು ಸಿಗುತ್ತದೆ. ಆ ಅಧಿಸೂಚನೆ ಗಡಿ ದಾಟುವುದಿಲ್ಲ. ಕಂಪನಿ ನಮ್ಮದು, ಸಾಲ ನಮ್ಮದು, ಆದರೂ ರಾಮ್‌ಪಾಲ್‌ಗೆ ನಡೆದದ್ದು ಬಾಂಗ್ಲಾದ ಪರಿಸರ ವರದಿ. ಅದನ್ನು ಬರೆದದ್ದು ಅಲ್ಲಿನ ಜಲಸಂಪನ್ಮೂಲ ಸಚಿವಾಲಯದಡಿಯ ಸಂಸ್ಥೆ. ಯೋಜನೆಯ ಅರ್ಧ ಪಾಲುದಾರ ಕೂಡ ಅದೇ ಸರ್ಕಾರ. ನಾಳೆ ಯಾವುದೋ ದೇಶದ ಬ್ಯಾಂಕು ಕಂಪ್ಲಿ ಹತ್ತಿರ, ತುಂಗಭದ್ರೆಯ ನೀರುನಾಯಿ ಮೀಸಲು ಪ್ರದೇಶದ ಪಕ್ಕ, ಹೀಗೇ ದುಡ್ಡು ಸುರಿದರೆ ನಾವು ಸುಮ್ಮನಿರುತ್ತೇವಾ?

ಹೊರದೇಶದಲ್ಲಿ ಹೊಸ ಕಲ್ಲಿದ್ದಲು ಸ್ಥಾವರ ಕಟ್ಟುವುದಿಲ್ಲ ಎಂದು ಚೀನಾ 2021ರಲ್ಲಿ ಹೇಳಿತು. ಅದೇ ವರ್ಷ ಗ್ಲಾಸ್ಗೊದಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳು, ಅಮೆರಿಕವೂ ಸೇರಿ, ಹೊರದೇಶದ ಕಲ್ಲಿದ್ದಲು, ಎಣ್ಣೆ, ಅನಿಲ ಯೋಜನೆಗಳಿಗೆ ಕೊಡುವ ಸರ್ಕಾರಿ ಸಾಲ ನಿಲ್ಲಿಸುವ ಮಾತು ಕೊಟ್ಟವು. ಭಾರತ ಸಹಿ ಹಾಕಲಿಲ್ಲ. ಸಹಿ ಹಾಕಿದ ಅಮೆರಿಕವೂ 2025ರ ಮಾರ್ಚ್‌ನಲ್ಲಿ ಮೊಜಾಂಬಿಕ್‌ನ ಅನಿಲ ಯೋಜನೆಗೆ ಸುಮಾರು 470 ಕೋಟಿ ಡಾಲರ್ ಸಾಲಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು. ಆ ಯೋಜನೆಯಲ್ಲಿ ಒಎನ್‌ಜಿಸಿ ವಿದೇಶ್, ಆಯಿಲ್ ಇಂಡಿಯಾ, ಭಾರತ್ ಪೆಟ್ರೋಲಿಯಂ ಬಳಗ ಸೇರಿ ನಮ್ಮ ಕಂಪನಿಗಳ ಪಾಲು ನೂರಕ್ಕೆ ಮೂವತ್ತು. ಅದಕ್ಕೂ ದೆಹಲಿಯ ಪರಿಸರ ಅನುಮತಿ ಬೇಕಿಲ್ಲ.