ಕಟ್ಟೆಯಲ್ಲಿ ನೀರಿದೆ, ನಲ್ಲಿಯಲ್ಲಿ ಯಾಕಿಲ್ಲ?

ಓದುಗರ ಪ್ರಶ್ನೆ: ಕನ್ನಂಬಾಡಿ ಕಟ್ಟೆಯಲ್ಲಿ ಇಷ್ಟು ಅಡಿ ನೀರಿದೆ ಅಂತ ದಿನಾ ಪೇಪರ್‌ನಲ್ಲಿ ಓದುತ್ತೇವೆ. ಆದರೂ ಬರದ ವರ್ಷ ಮೈಸೂರಿನಲ್ಲಿ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ಕಾರು ತೊಳೆಯಬೇಡಿ, ಲಾನ್‌ಗೆ ಹಾಕಬೇಡಿ ಅಂತಾರೆ. ಇದು ಯಾಕೆ?

ಉತ್ತರ: ನಿಮ್ಮ ಅನುಮಾನದಲ್ಲಿ ನ್ಯಾಯವಿದೆ. ಲೆಕ್ಕ ಹಾಕಿಯೇ ನೋಡೋಣ. ಕಟ್ಟೆಯ ನೀರನ್ನು ಅಳೆಯುವುದು ಟಿಎಂಸಿಯಲ್ಲಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಎಂಬುದು ಸರ್ಕಾರಿ ಲೆಕ್ಕ. ಹತ್ತು ಲಕ್ಷ ಜನರ ಊರು ಎಂದುಕೊಂಡರೆ ದಿನಕ್ಕೆ ಹದಿಮೂರೂವರೆ ಕೋಟಿ ಲೀಟರ್ ಆಯಿತು. ಸೋರಿಕೆ ಬಿಟ್ಟರೆ ವರ್ಷಪೂರ್ತಿ ಎರಡು ಟಿಎಂಸಿಯೂ ಬೇಡ. ಕನ್ನಂಬಾಡಿ, ಅಂದರೆ ಕೆಆರ್‌ಎಸ್, ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಹಾಗಾದರೆ ಕೊರತೆ ಎಲ್ಲಿಂದ ಬಂತು?

ಮೊದಲು ಆ 'ಅಡಿ'ಯ ವಿಚಾರ. ಕಟ್ಟೆಯ ತಳ ಕಿರಿದು, ಮೇಲೆ ಹೋದಂತೆ ಅಗಲ. ಪೂರ್ಣ ಮಟ್ಟ 124.80 ಅಡಿ. ನೀರು 100 ಅಡಿಗೆ ಇಳಿದರೆ ಇನ್ನೂ ಮುಕ್ಕಾಲು ಪಾಲು ಇದೆ ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಆಗ ಉಳಿದಿರುವುದು ಅರ್ಧಕ್ಕಿಂತ ಕಡಿಮೆ. ಅದರಲ್ಲೂ ತಳದ ನೀರನ್ನು ಪೂರ್ತಿ ಬಳಸಲು ಆಗುವುದಿಲ್ಲ. ಉಳಿದದ್ದಕ್ಕೆ ಮಂಡ್ಯದ ಗದ್ದೆ, ಬೆಂಗಳೂರಿನ ಕುಡಿಯುವ ನೀರು, ತಮಿಳುನಾಡಿನ ಪಾಲು ಎಲ್ಲವೂ ಕಾದಿರುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬೀದಿಗಿಳಿದದ್ದು ಇದೇ ಸಂಕಟಕ್ಕೆ.

ಆದರೂ ನನ್ನ ಪ್ರಕಾರ ನಿಮ್ಮ ನಲ್ಲಿ ಒಣಗಲು ಮುಖ್ಯ ಕಾರಣ ಕಟ್ಟೆಯಲ್ಲಿಲ್ಲ, ಕಟ್ಟೆಗೂ ನಿಮ್ಮ ಮನೆಗೂ ನಡುವಿನ ದಾರಿಯಲ್ಲಿದೆ.

ಮೈಸೂರಿಗೆ ನೀರು ಬರುವುದು ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಕಡೆಯಿಂದ. ಇವು ಕಾವೇರಿ ನೀರು. ಜೊತೆಗೆ ಕಬಿನಿಯಿಂದಲೂ ಒಂದಷ್ಟು ಬರುತ್ತದೆ. ಮೇಳಾಪುರ ಇರುವುದು ಕಟ್ಟೆಯಿಂದ ಕೆಳಗೆ, ನದಿಯ ದಡದಲ್ಲಿ. ಅಲ್ಲಿನ ಪಂಪಿಗೆ ನೀರು ಸಿಗಬೇಕಾದರೆ ಕಟ್ಟೆಯಲ್ಲಿ ನೀರಿದ್ದರೆ ಸಾಲದು, ಹೊಳೆಯಲ್ಲಿ ಹರಿಯುತ್ತಿರಬೇಕು. ಹರಿವು ತೆಳ್ಳಗಾದರೆ ಪಂಪ್ ಪೂರ್ತಿ ಎಳೆಯುವುದಿಲ್ಲ. ಊರು ಹೊಳೆಗಿಂತ ಎತ್ತರದಲ್ಲಿರುವುದರಿಂದ ಪ್ರತಿ ಹನಿಯನ್ನೂ ಕರೆಂಟ್ ಹಾಕಿಯೇ ಮೇಲೆತ್ತಬೇಕು. ಬರ ಬಂದರೆ ಜಲವಿದ್ಯುತ್ತೂ ಕಡಿಮೆ. ಕರೆಂಟ್ ಒಂದು ಗಂಟೆ ಹೋದರೆ ಆ ದಿನದ ನೀರಿನ ಲೆಕ್ಕವೇ ತಪ್ಪುತ್ತದೆ.

ಇನ್ನೊಂದು ವಿಷಯವನ್ನು ನಾವು ಗಮನಿಸುವುದು ಕಡಿಮೆ. ಊರಿನ ಸುತ್ತಲಿನ ಬಡಾವಣೆಗಳಲ್ಲಿ ಎಷ್ಟೋ ಮನೆಗಳು ಬೋರ್‌ವೆಲ್ ನಂಬಿವೆ. ಬರದಲ್ಲಿ ಬೋರ್ ಬತ್ತಿದಾಗ ಅವರೂ ಕಾವೇರಿ ಲೈನಿಗೇ ಕೈಚಾಚಬೇಕು. ಟ್ಯಾಂಕರ್‌ಗಳೂ ಅಲ್ಲಿಂದಲೇ ತುಂಬಬೇಕು. ಶುದ್ಧೀಕರಣ ಘಟಕ ಮಾತ್ರ ಎಂದಿನಷ್ಟೇ ನೀರು ಕೊಡಬಲ್ಲದು. ಅಂದರೆ ಬರದಲ್ಲಿ ನೀರು ಕಡಿಮೆಯಾಗುವುದಕ್ಕಿಂತ ಮೊದಲೇ ಕೇಳುವವರು ಜಾಸ್ತಿಯಾಗುತ್ತಾರೆ. ಒಂದು ಕಡೆ ಕಾರು ತೊಳೆಯುವುದನ್ನು ನಿಲ್ಲಿಸಿ ಅನ್ನುವುದು ಇನ್ನೊಂದು ಕಡೆ ಬಿಂದಿಗೆ ತುಂಬಲಿ ಅಂತ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಇದಕ್ಕೇ 5,000 ರೂಪಾಯಿ ದಂಡ ಇಟ್ಟಿತು. ವಾಹನ ತೊಳೆಯುವುದು, ಕೈತೋಟ, ಕಟ್ಟಡ ಕೆಲಸ, ಕಾರಂಜಿ, ಯಾವುದಕ್ಕೂ ಕುಡಿಯುವ ನೀರು ಬಳಸುವಂತಿರಲಿಲ್ಲ.

ಸರಿ, ದಿನಾ ಸ್ವಲ್ಪ ಸ್ವಲ್ಪ ಬಿಡಬಹುದಲ್ಲ? ಬಿಟ್ಟರೆ ಕೊನೆಯ ಮನೆಗೆ ಏನೂ ತಲುಪುವುದಿಲ್ಲ. ವಾಲ್ವ್ ತೆರೆದ ಮೇಲೆ ಮೊದಲಿನ ಹೊತ್ತೆಲ್ಲ ಖಾಲಿ ಪೈಪ್ ತುಂಬುವುದಕ್ಕೇ ಹೋಗುತ್ತದೆ. ಆಮೇಲೆ ತಗ್ಗಿನ ಮನೆಗಳು ತುಂಬುತ್ತವೆ. ದಿಣ್ಣೆಯ ಮೇಲಿನವರಿಗೆ ಪ್ರೆಷರ್ ಬರುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ಅದಕ್ಕೇ ಒಂದು ದಿನ ಬಿಟ್ಟು ಹೆಚ್ಚು ಹೊತ್ತು ಬಿಡುವುದು. ಕನ್ನಂಬಾಡಿಯಿಂದ ಮಂಡ್ಯದ ಗದ್ದೆಗಳಿಗೆ ಹೋಗುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ರೈತರಿಗೆ ಇದು ಗೊತ್ತಿರುವ ವಿಷಯ. ಅಭಾವದ ವರ್ಷ ನಾಲೆಯಲ್ಲಿ ಕಟ್ಟು ನೀರು, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಬಿಡುವುದು ಕೊನೆಯ ಭಾಗದ ಗದ್ದೆಗೂ ನೀರು ಹೋಗಲಿ ಅಂತಲೇ.

ಈ ಪದ್ಧತಿ ಎಲ್ಲರಿಗೂ ಒಂದೇ ಥರ ತಟ್ಟುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ನಾಲ್ಕು ಜನರ ಮನೆಗೆ ದಿನಕ್ಕೆ 540 ಲೀಟರ್ ಬೇಕು. ಐದು ಸಾವಿರ ಲೀಟರ್ ಸಂಪ್ ಇದ್ದವರು ಒಂದು ವಾರ ನೀರು ಬರದಿದ್ದರೂ ನೆಮ್ಮದಿಯಾಗಿರುತ್ತಾರೆ. ಇನ್ನೂರು ಲೀಟರ್ ಡ್ರಮ್ ಇಟ್ಟುಕೊಂಡ ಬಾಡಿಗೆ ಮನೆಯವರಿಗೆ ಅದು ಅರ್ಧ ದಿನಕ್ಕೂ ಸಾಲದು. ಇದರ ಮೇಲೆ ಕೆಲವರು ಲೈನಿಗೇ ಮೋಟರ್ ಹಾಕಿ ಎಳೆಯುತ್ತಾರೆ. ಅದು ಕಾನೂನಿಗೂ ವಿರುದ್ಧ, ಪಕ್ಕದ ಮನೆಯ ನೀರನ್ನು ಕಿತ್ತುಕೊಂಡಂತೆಯೂ ಹೌದು. ಸಂಪ್‌ನಿಂದ ಮೇಲಿನ ಟ್ಯಾಂಕ್‌ಗೆ ಏರಿಸಿ, ತೊಂದರೆಯಿಲ್ಲ. ಲೈನಿಗೆ ಮಾತ್ರ ಬೇಡ.

ನೀರು ಬರುವ ದಿನ ಎರಡು ಮಾತು ನೆನಪಿರಲಿ. ಖಾಲಿ ಬಿದ್ದಿದ್ದ ಪೈಪಿನೊಳಗೆ ಬಿರುಕುಗಳಿಂದ ಕೊಳೆ ಸೇರಿರಬಹುದು. ಹಾಗಾಗಿ ಮೊದಲ ಬಕೆಟ್ ಟಾಯ್ಲೆಟ್‌ಗೆ ಇರಲಿ, ಕುಡಿಯುವುದನ್ನು ಕುದಿಸಿ. ಹಿಂದಿನ ಸಲ ಹಿಡಿದ ನೀರು 'ಹಳತಾಯ್ತು' ಅಂತ ಸುಮ್ನೆ ಚೆಲ್ಲಬೇಡಿ, ಬಟ್ಟೆಗೋ ಗಿಡಕ್ಕೋ ಆಗುತ್ತದೆ. ಆದರೆ ಡ್ರಮ್ ಮುಚ್ಚಿಡಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. ಡೆಂಗ್ಯೂ ಸೊಳ್ಳೆ ಬೆಳೆಯುವುದು ಇಂಥ ನಿಂತ ನೀರಿನಲ್ಲೇ.

ಕೊನೆಗೆ, ಊರಿನಲ್ಲಿ ಒಂದು ಜೋರು ಮಳೆ ಬಿದ್ದರೆ ನಿರ್ಬಂಧ ತೆಗೆಯುತ್ತಾರಾ ಅಂತ ಹಲವರು ಕೇಳುತ್ತಾರೆ. ಇಲ್ಲ. ಮೈಸೂರಿನ ಮಳೆಯಿಂದ ಕನ್ನಂಬಾಡಿ ತುಂಬುವುದಿಲ್ಲ. ಕೊಡಗಿನಲ್ಲಿ, ಹೇಮಾವತಿ ಹುಟ್ಟುವ ಮಲೆನಾಡಿನಲ್ಲಿ ಸುರಿಯಬೇಕು. ಕಬಿನಿಗಾದರೆ ವಯನಾಡಿನಲ್ಲಿ. ಅಲ್ಲಿಯೂ ಮೊದಲ ಮಳೆಯನ್ನು ಒಣ ನೆಲವೇ ಕುಡಿದುಬಿಡುತ್ತದೆ. ಆದ್ದರಿಂದ ಜೂನ್‌ನಲ್ಲಿ ಪೇಪರ್ ನೋಡುವಾಗ ಅಡಿಯ ಪಕ್ಕದಲ್ಲಿ ಒಳಹರಿವು ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ) ಅಂತ ಬರೆದಿರುವುದನ್ನು ನೋಡಿ. ಅದು ದಿನದಿಂದ ದಿನಕ್ಕೆ ಏರತೊಡಗಿದರೆ ನಿಮ್ಮ ಬೀದಿಯ ವಾಲ್ವ್‌ಮನ್‌ನನ್ನು ಸರದಿ ಯಾವಾಗ ಬದಲಾಗುತ್ತದೆ ಎಂದು ಕೇಳಬಹುದು.