ಇರುವ ಅರಣ್ಯ ಸಿಬ್ಬಂದಿಯಿಂದಲೇ ಕಾಡನ್ನು ಇನ್ನಷ್ಟು ಚೆನ್ನಾಗಿ ಕಾಯಬಹುದೇ?

ಓದುಗರ ಪ್ರಶ್ನೆ: ಅರಣ್ಯ ಇಲಾಖೆಯಲ್ಲಿ ಸಿಬ್ಬಂದಿ ಸಾಲದು ಎಂಬ ಮಾತನ್ನು ಪ್ರತಿ ವರ್ಷ ಕೇಳುತ್ತೇವೆ. ಹೊಸ ನೇಮಕಾತಿ ಆಗುವವರೆಗೆ, ಇರುವವರ ನಿಯೋಜನೆಯನ್ನು ಬದಲಿಸಿಯಾದರೂ ಕಾಡನ್ನು ಕಾಯಬಹುದೇ?

ಉತ್ತರ: ಹೆಚ್ಚಿನ ಮಟ್ಟಿಗೆ ಸಾಧ್ಯವಿದೆ. ಕಾಡನ್ನು ವಲಯ, ಶಾಖೆ, ಗಸ್ತು (ಒಬ್ಬ ಪಾಲಕ ನೋಡಿಕೊಳ್ಳುವ ಕಾಡಿನ ತುಂಡು) ಎಂದು ಹಂಚುವ ವಿಂಗಡಣೆ ಬ್ರಿಟಿಷರ ಕಾಲದ ಅರಣ್ಯಾಡಳಿತದಿಂದ ಬಂದದ್ದು. ತೇಗ, ಬೀಟೆ, ಶ್ರೀಗಂಧಗಳನ್ನು ಕಾಯುವುದೇ ಆಗಿನ ಮುಖ್ಯ ಕೆಲಸವಾಗಿತ್ತು. ಮರ ನಿಂತಲ್ಲೇ ಇರುತ್ತದೆ, ಆನೆ ಹಾಗಲ್ಲ. 2023ರ ಗಣತಿಯ ಪ್ರಕಾರ ರಾಜ್ಯದಲ್ಲಿ 6,395 ಆನೆಗಳಿದ್ದು, ಸಕಲೇಶಪುರ, ಆಲೂರು, ಬೇಲೂರು ಕಡೆಗಳಲ್ಲಿ ಅವು ಹಗಲೆಲ್ಲ ಕಾಫಿ ತೋಟದ ನೆರಳಲ್ಲಿದ್ದು ಕತ್ತಲಾದ ಮೇಲೆ ಗದ್ದೆಗಿಳಿಯುತ್ತವೆ. ಹಗಲಿನ ಪಾಳಿಗೆ, ನಕ್ಷೆಯ ಗೆರೆಗೆ ಕಟ್ಟುಬಿದ್ದ ಗಸ್ತು ಅರಣ್ಯ ಪಾಲಕನಿಂದ ಅವುಗಳ ಬೆನ್ನು ಹತ್ತಲಾಗದು. 2022ರಲ್ಲಿ ರಚನೆಯಾದ ಆನೆ ಕಾರ್ಯಪಡೆಯ ಮಹತ್ವ ಇಲ್ಲಿದೆ: ಅದರ ಸಿಬ್ಬಂದಿ ಹಿಂಡಿನ ಜಾಡು ಹಿಡಿದು, ಲದ್ದಿ ಹಸಿಯಾಗಿದೆಯೇ ಎಂದು ನೋಡಿಕೊಂಡು ಸಾಗಿ, ಆನೆಗಳು ಯಾವ ತೋಟದಲ್ಲಿವೆ ಎಂಬುದನ್ನು ಸುತ್ತಲಿನವರ ಮೊಬೈಲಿಗೆ ತಿಳಿಸುತ್ತಾರೆ. ಕೂಲಿಯವರು ಕೆಲಸಕ್ಕೆ ಹೊರಡುವ ಮೊದಲು ಬಂದ ಇಂಥ ಒಂದು ಸಂದೇಶ ಜೀವ ಉಳಿಸಬಲ್ಲದು.

ಋತುಮಾನಕ್ಕೂ ಇದೇ ತರ್ಕ ಅನ್ವಯಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದುದನ್ನು ನೆನೆದರೆ, ಬೇಸಿಗೆಯ ತಿಂಗಳುಗಳಲ್ಲಿ ಕಾಡಿನಂಚಿನ ಸಿಬ್ಬಂದಿಯನ್ನು ಬೇರೆ ಯಾವ ಕೆಲಸಕ್ಕೂ ಕಳುಹಿಸಬಾರದು. ಇನ್ನು ಹುಲಿ ಮೀಸಲು ಪ್ರದೇಶಗಳಲ್ಲಿ ಎಂ-ಸ್ಟ್ರೈಪ್ಸ್ ತಂತ್ರಾಂಶ ಗಸ್ತಿನ ದಾರಿಯನ್ನು ಜಿಪಿಎಸ್ ಮೂಲಕ ದಾಖಲಿಸುತ್ತದೆ. ಎಷ್ಟು ಕಿಲೋಮೀಟರ್ ನಡೆದರು ಎಂಬ ಲೆಕ್ಕಕ್ಕಿಂತ, ನಕ್ಷೆಯಲ್ಲಿ ಯಾರೂ ಕಾಲಿಡದೆ ಖಾಲಿ ಉಳಿದ ಜಾಗಗಳೇ ಮುಂದಿನ ವಾರದ ಗಸ್ತನ್ನು ನಿರ್ಧರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಕಳ್ಳಬೇಟೆ ತಡೆ ಶಿಬಿರಗಳದ್ದು. ಸುತ್ತ ಆನೆ ಕಂದಕ ತೋಡಿದ ಒಂದು ಪುಟ್ಟ ಕಟ್ಟಡ, ಒಂದು ವಾಕಿಟಾಕಿ, ಹೊತ್ತು ತಂದ ರೇಷನ್, ನಾಲ್ಕೈದು ಮಂದಿ. ಅವರಲ್ಲಿ ಹಲವರು ಹೊರಗುತ್ತಿಗೆಯ ವಾಚರ್‌ಗಳು; ಜೇನುಕುರುಬ, ಸೋಲಿಗ ಸಮುದಾಯದವರೂ ಅವರಲ್ಲಿದ್ದಾರೆ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಹಳ್ಳ, ಕೆರೆ, ಕಾಲುದಾರಿಗಳನ್ನು ಬಲ್ಲ ಇವರು ಅಲ್ಲೇ ಉಳಿಯುತ್ತಾರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತಾಗ, ಅಲ್ಲಿನ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲವೆಂಬ ಸಂಗತಿಯೂ ಹೊರಬಂತು. ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಯೋಜನೆಯ ಮೊದಲ ಪುಟದಲ್ಲೇ ಈ ವಾಚರ್‌ಗಳ ಸಂಬಳದ ದಿನಾಂಕವನ್ನು ಬರೆಯಬೇಕಾಗಿದೆ.